ತೊಗರಿ ಕಡ್ಡಿಯ ಲೆಕ್ಕ

23ರಲ್ಲಿ 7 ಕಳೆದರೆ ಎಷ್ಟು? 'ಮೂರರಲ್ಲಿ ಏಳು ಹೋಗಲ್ಲ, ದಶಕ ತಗೋ' ಅಂತೀವಿ. ಮಗು ಕೇಳುತ್ತೆ: ದಶಕ ಎಲ್ಲಿದೆ?

ಆಳಂದ ತಾಲ್ಲೂಕಿನ ನರೋಣಾ ಕಡೆ ಅದು ಹೊಲದಲ್ಲೇ ಇದೆ. ತೊಗರಿ ರಾಶಿ ಮುಗಿದ ಮೇಲೆ ಉಳಿದ ಕಡ್ಡಿ ತನ್ನಿ, ಬೆರಳುದ್ದ ಮುರಿಯಿರಿ. ಹತ್ತು ಕಡ್ಡಿ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ. ಇದೇ ಒಂದು ದಶಕ!

ಎರಡು ಕಟ್ಟು, ಮೂರು ಬಿಡಿಕಡ್ಡಿ: 23. ಈಗ ಒಂದು ಕಟ್ಟು ಬಿಚ್ಚಿ. ಬಿಡಿಕಡ್ಡಿ 13 ಆಯ್ತು. ಅದರಲ್ಲಿ 7 ತೆಗೆಯಿರಿ. ಉಳಿದದ್ದು ಒಂದು ಕಟ್ಟು, ಆರು ಕಡ್ಡಿ. ಉತ್ತರ 16.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ 'ನಲಿ-ಕಲಿ' ಕಲಿಕಾ ಪದ್ಧತಿ ಹೇಳೋದೂ ಇದನ್ನೇ: ಮಾಡುತ್ತಾ ಕಲಿ.

ಟೀಚರ್, ನಾಳೆ ಲೆಕ್ಕದ ಪೀರಿಯಡ್‌ಗೆ ಕಡ್ಡಿ ತರಿಸಿ. ಕಟ್ಟು ಬಿಚ್ಚೋ ಕೆಲಸ ಮಾತ್ರ ಮಕ್ಕಳಿಗೇ ಬಿಡಿ.