ಕ್ರಿಸ್ಮಸ್ ರಾತ್ರಿಯ ಎದೆ ಉರಿ ಎಲ್ಲವೂ ಗ್ಯಾಸ್ ಅಲ್ಲ: ಹಬ್ಬದ ವಾರದಲ್ಲಿ ಊಟ, ಮಾತ್ರೆ, ನಿದ್ದೆ ಲೆಕ್ಕ ತಪ್ಪದಿರಲಿ

ಡಿಸೆಂಬರ್ 20 ದಾಟಿತೆಂದರೆ ಕರಾವಳಿಯ ಪೇಟೆಗಳಲ್ಲಿ ರಾತ್ರಿ ಹತ್ತಾದರೂ ಶಟರ್ ಎಳೆಯುವುದಿಲ್ಲ. ಬೇಕರಿಯಲ್ಲಿ ಪ್ಲಮ್ ಕೇಕ್, ಬಟ್ಟೆ ಅಂಗಡಿಯಲ್ಲಿ ರಶ್, ಫ್ಯಾನ್ಸಿ ಅಂಗಡಿ ಮುಂದೆ ಸಾಲು ಸಾಲು ನಕ್ಷತ್ರ. ಮನೆಗಳಲ್ಲಿ ಕುಸ್ವಾರ್ ಡಬ್ಬಿ ತುಂಬುತ್ತಿರುತ್ತದೆ: ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ, ರೋಸ್ ಕುಕ್ಕೀಸ್. ಈ ಕುಸ್ವಾರ್ ಪ್ಲೇಟ್ ಪಕ್ಕದ ಹಿಂದೂ, ಮುಸ್ಲಿಂ ಮನೆಗಳಿಗೂ ಹೋಗುತ್ತದೆ. ಹಾಗಾಗಿ ಈ ಬರಹ ಚರ್ಚ್‌ಗೆ ಹೋಗುವವರಿಗೆ ಮಾತ್ರ ಅಲ್ಲ.

ಹಬ್ಬದ ದಿನ ಎರಡು ನೆವ್ರಿ ಜಾಸ್ತಿ ತಿಂದರೆ ಯಾರೂ ಹಾಳಾಗುವುದಿಲ್ಲ. ತೊಂದರೆ ಶುರುವಾಗುವುದು 24ರ ರಾತ್ರಿಯಿಂದ ಜನವರಿ 1ರವರೆಗೆ ದಿನಚರಿಯೇ ತಲೆಕೆಳಗಾದಾಗ. ಬಲಿಪೂಜೆ ಮುಗಿಸಿ ತಡವಾಗಿ ಊಟ, ಸಾನ್ನಾ ಜೊತೆ ಹಂದಿ ಮಾಂಸ, ಮೇಲೆ ಎರಡು ಗ್ಲಾಸ್ ವೈನ್, ಅರ್ಧ ನಿದ್ದೆ, ಮರೆತುಹೋದ ಬಿಪಿ ಮಾತ್ರೆ. ಒಂದೊಂದೇ ಆದರೆ ದೇಹ ತಡೆದುಕೊಳ್ಳುತ್ತದೆ. ಎಲ್ಲವೂ ಒಟ್ಟಿಗೆ, ಅದೂ ಎಂಟು ದಿನ, ಅಂದರೆ ಅರವತ್ತು ದಾಟಿದವರಿಗೆ ಕಷ್ಟ.

ಇದು ಬರೀ ಹೆದರಿಸುವ ಮಾತಲ್ಲ. ಸ್ವೀಡನ್ ದೇಶದಲ್ಲಿ 1998ರಿಂದ 2013ರವರೆಗೆ ಆದ ಸುಮಾರು 2.83 ಲಕ್ಷ ಹೃದಯಾಘಾತಗಳ ದಾಖಲೆಯನ್ನು ವೈದ್ಯರು ಪರಿಶೀಲಿಸಿದರು. ಡಿಸೆಂಬರ್ 24ರಂದು ಹೃದಯಾಘಾತದ ಅಪಾಯ ಆಚೀಚಿನ ವಾರಗಳಿಗಿಂತ ಶೇಕಡಾ 37ರಷ್ಟು ಹೆಚ್ಚು ಇತ್ತು, ಅದೂ ರಾತ್ರಿ 10ರ ಸುಮಾರಿಗೆ ಅತಿ ಹೆಚ್ಚು. 75 ದಾಟಿದವರು, ಸಕ್ಕರೆ ಕಾಯಿಲೆ ಇದ್ದವರು, ಮೊದಲೇ ಹೃದಯದ ತೊಂದರೆ ಇದ್ದವರಿಗೆ ಹೊಡೆತ ಜಾಸ್ತಿ. ಅಲ್ಲಿಯ ಚಳಿ, ಊಟ ಬೇರೆ, ಒಪ್ಪೋಣ. ಆದರೆ ಹಬ್ಬದ ಹಿಂದಿನ ರಾತ್ರಿಯ ಗಡಿಬಿಡಿ, ಟೆನ್ಶನ್ ಎಲ್ಲ ಕಡೆ ಒಂದೇ.

ನಮ್ಮಲ್ಲಿ ಆಗುವ ದೊಡ್ಡ ತಪ್ಪು ಇಲ್ಲೇ. ಆ ರಾತ್ರಿ ಎದೆ ಹಿಡಿದರೆ "ಹಂದಿ ಮಾಂಸ ತಿಂದದ್ದು ಮಾರಾಯ್ರೆ, ಗ್ಯಾಸ್" ಅಂತ ಸೋಡಾ ಕುಡಿಸಿ ಮಲಗಿಸುತ್ತಾರೆ. ಮನೆ ತುಂಬ ನೆಂಟರು, ಹಬ್ಬ ಹಾಳು ಮಾಡುವುದು ಬೇಡ ಅಂತ ಅಜ್ಜನೂ ಸುಮ್ಮನಾಗುತ್ತಾರೆ. ಎದೆಯ ಮಧ್ಯೆ ಒತ್ತಿದ ಹಾಗಾಗಿ ನೋವು ಕೈಗೆ, ದವಡೆಗೆ, ಬೆನ್ನಿಗೆ ಹರಡಿದರೆ, ತಣ್ಣನೆ ಬೆವರು ಬಂದರೆ, ಏದುಸಿರು ಬಂದರೆ ಬೆಳಗಿನವರೆಗೆ ಕಾಯಲೇಬೇಡಿ. ಸಕ್ಕರೆ ಕಾಯಿಲೆಯವರಿಗೆ ಕೆಲವೊಮ್ಮೆ ನೋವೇ ಇರುವುದಿಲ್ಲ, ಬರೀ ವಿಪರೀತ ಸುಸ್ತು, ಉಸಿರು ಕಟ್ಟಿದಂತೆ. 108ಕ್ಕೆ ಫೋನ್ ಮಾಡಿ. ರೋಗಿಯೇ ಸ್ಕೂಟರ್ ಓಡಿಸಿಕೊಂಡು ಹೋಗುವುದು ಬೇಡ. ರಾಜ್ಯ ಸರಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ಹೃದ್ರೋಗ ತಜ್ಞರಿಗೆ ಕಳಿಸಿ, ಅಗತ್ಯ ಬಿದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಈ ವ್ಯವಸ್ಥೆ ಇದೆಯಾ ಅಂತ ಹಬ್ಬಕ್ಕೆ ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನು ವ್ಯಾಪಾರಿಗಳ ವಿಷಯ. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಹಾಕಿಕೊಂಡು ಅಂಗಡಿಗೆ ಬರುತ್ತೀರಿ, ಗಿರಾಕಿಗಳ ರಶ್‌ನಲ್ಲಿ ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ ಹೋಗುತ್ತದೆ. ಆಗ ಸಕ್ಕರೆ ಏರುವುದಲ್ಲ, ಇಳಿಯುತ್ತದೆ. ಕೈ ನಡುಕ, ಬೆವರು, ಕಣ್ಣು ಮಂಜು, ಸುಮ್ಮನೆ ಸಿಟ್ಟು, ಚಿಲ್ಲರೆ ಲೆಕ್ಕ ತಪ್ಪುವುದು. 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಸರಿಯಾದ ಮೇಲೆ ಊಟ ಮಾಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ನೇರ ಆಸ್ಪತ್ರೆಗೆ. ಗಲ್ಲಾ ಪೆಟ್ಟಿಗೆ ಬಳಿ ಸಕ್ಕರೆ ಪೊಟ್ಟಣ ಇಟ್ಟುಕೊಳ್ಳಲು ಖರ್ಚೇನೂ ಇಲ್ಲ.

ಸೇಲ್ಸ್‌ನಲ್ಲಿ ನಿಲ್ಲುವ ಹುಡುಗಿಯರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಎಷ್ಟೋ ಅಂಗಡಿಗಳಲ್ಲಿ ಟಾಯ್ಲೆಟ್ ಇಲ್ಲ, ಅದಕ್ಕೇ ಅವರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಹೀಗೆ ದಿನಗಟ್ಟಲೆ ಆದರೆ ಮೂತ್ರದ ಸೋಂಕು ಬರುತ್ತದೆ. ಪಕ್ಕದ ಹೋಟೆಲಿನವರ ಹತ್ತಿರ ಮಾತಾಡಿ ವ್ಯವಸ್ಥೆ ಮಾಡುವುದು, ನಡುನಡುವೆ ಕೂರಲು ಒಂದು ಸ್ಟೂಲ್ ಕೊಡುವುದು ಧಣಿಗಳ ಕೆಲಸ. ಕುಸ್ವಾರ್ ಕರಿದು ಮಾರುವವರು ಎಣ್ಣೆ ಕಪ್ಪಾಗಿ, ನೊರೆ ಕಟ್ಟಿದ ಮೇಲೂ ಅದನ್ನೇ ಕಾಯಿಸುವುದು ಬೇಡ.

ಕುಡಿಯುವ ವಿಷಯದಲ್ಲಿ ಜಾಸ್ತಿ ಉಪದೇಶ ಮಾಡುವುದಿಲ್ಲ. ರಜೆಯಲ್ಲಿ ಒಮ್ಮೆಲೇ ಜಾಸ್ತಿ ಕುಡಿದವರಿಗೆ ಎದೆಬಡಿತ ತಾಳ ತಪ್ಪುವುದನ್ನು ಅಮೆರಿಕದ ವೈದ್ಯರು 1978ರಲ್ಲೇ "ಹಾಲಿಡೇ ಹಾರ್ಟ್" ಅಂತ ಕರೆದರು. ಮನೆಯಲ್ಲಿ ಮಾಡಿದ ದ್ರಾಕ್ಷಿ ವೈನ್ ಜ್ಯೂಸ್ ಅಲ್ಲ, ಅದರಲ್ಲಿ ಎಷ್ಟು ಆಲ್ಕೋಹಾಲ್ ಇದೆ ಅಂತ ಮಾಡಿದವರಿಗೂ ಗೊತ್ತಿರುವುದಿಲ್ಲ. ಮಕ್ಕಳಿಗೆ ಬೇಡ. ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ಮುಟ್ಟಲೇಬಾರದು. ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಗೆ ಕುಡಿದರೆ ಮೇಲೆ ಹೇಳಿದ ಹಾಗೆಯೇ ಸಕ್ಕರೆ ಇಳಿಯಬಹುದು.

ಮನಸ್ಸಿನ ಕಥೆ ಇನ್ನೊಂದು. ಮಕ್ಕಳು ದುಬೈ, ಕುವೈತ್‌ನಲ್ಲಿ, ದೊಡ್ಡ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ, ಕೆಲವು ಕಡೆ ಒಬ್ಬರೇ. ಅಂಗಳದಲ್ಲಿ ನಕ್ಷತ್ರ ಉರಿಯುತ್ತದೆ, ಗೋದಲಿ ಕಟ್ಟುವವರಿಲ್ಲ. ಅದೇ ವರ್ಷ ಮನೆಯಲ್ಲಿ ಸಾವಾಗಿದ್ದರೆ ಎಲ್ಲರ ಸಂಭ್ರಮ ನೋಡುವುದೇ ಕಷ್ಟ. ಇನ್ನು ಕೆಲವರಿಗೆ ಸಾಲದ ಚಿಂತೆ, ಹೊಸ ಬಟ್ಟೆ, ಕೇಕ್ ಇಲ್ಲದಿದ್ದರೆ ಮರ್ಯಾದೆ ಪ್ರಶ್ನೆ. ನಿದ್ದೆ ಬಾರದೆ, ಊಟ ಸೇರದೆ ವಾರಗಟ್ಟಲೆ ಕಳೆದರೆ, ಬದುಕು ಸಾಕು ಅನ್ನುವ ಮಾತು ಬಾಯಲ್ಲಿ ಬಂದರೆ "ಹಬ್ಬದ ದಿನ ಅಂಥ ಮಾತು ಆಡಬೇಡಿ" ಅಂತ ಬಾಯಿ ಮುಚ್ಚಿಸಬೇಡಿ, ಕೂತು ಕೇಳಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಗಲ್ಫ್‌ನಲ್ಲಿರುವ ಮಕ್ಕಳು ಇದನ್ನು ಓದುತ್ತಿದ್ದರೆ ಒಂದು ಲೆಕ್ಕ. ದುಬೈ ನಮಗಿಂತ ಒಂದೂವರೆ ಗಂಟೆ, ಕುವೈತ್ ಎರಡೂವರೆ ಗಂಟೆ ಹಿಂದೆ. ನಿಮ್ಮ ಡ್ಯೂಟಿ ಮುಗಿದು ಫೋನ್ ಮಾಡುವಾಗ ಇಲ್ಲಿ ಅಮ್ಮ ನಿದ್ದೆಗೆಟ್ಟು ಕಾಯುತ್ತಿರುತ್ತಾರೆ. ಯಾವ ಹೊತ್ತಿಗೆ ಮಾಡುತ್ತೇನೆ ಅಂತ ಮೊದಲೇ ಹೇಳಿಡಿ.

ಊರಲ್ಲಿರುವವರು ಒಬ್ಬರೇ ಇರುವ ಮನೆಗೆ ಕುಸ್ವಾರ್ ಕೊಡಲು ಹೋದರೆ ಗೇಟಿನಿಂದಲೇ ವಾಪಸ್ ಬರಬೇಡಿ, ಹತ್ತು ನಿಮಿಷ ಕೂತು ಬನ್ನಿ. ಹಾಗೇ ಮಾತ್ರೆ ಎಷ್ಟು ದಿನಕ್ಕಿದೆ ಅಂತ ಕೇಳಿ. 25ಕ್ಕೆ ಕೆಲವು ಮೆಡಿಕಲ್ ಬಾಗಿಲು ಹಾಕಿರುತ್ತವೆ, ತರುವುದಿದ್ದರೆ 23ಕ್ಕೇ ತಂದುಕೊಡಿ.