ಹದಿನಾಲ್ಕೂವರೆ ಪಾಯಿಂಟಿನ ಮನೆ

ಅರಸೀಕೆರೆ ಸೀಮೆಯ ನಮ್ಮ ಹಳೆಯ ಮನೆಗೆ ಹೊಸದಾಗಿ ವೈರಿಂಗ್ ಮಾಡಿಸುತ್ತಿದ್ದೆವು. ನಡುಮನೆಯ ಸ್ವಿಚ್ ಬೋರ್ಡು ಬಿಚ್ಚಿದ ಹುಡುಗ ನನ್ನನ್ನು ಕೂಗಿ ಕರೆದ. ಮರದ ಬೋರ್ಡಿನ ಹಿಂದೆ, ಸುಣ್ಣದ ಗೋಡೆಯ ಮೇಲೆ ಪೆನ್ಸಿಲಿನ ಗೀಟುಗಳು. ಐದೈದರ ಕಟ್ಟು ಎರಡು, ಆಮೇಲೆ ನಾಲ್ಕು ಗೀಟು, ಅದರ ಪಕ್ಕ ಒಂದು ಮೋಟು ಗೀಟು. ಕೆಳಗೆ ದುಂಡಗೆ ಬರೆದಿತ್ತು: 14½.

“ಇದೇನ್ ಸಾರ್ ಅರ್ಧ?” ಅಂದ ಹುಡುಗ. ನನಗೂ ಗೊತ್ತಿರಲಿಲ್ಲ.

ಸಂಜೆ ಊರಿನ ಹಳೆಯ ವೈರ್‌ಮನ್ ಒಬ್ಬರ ಮನೆಗೆ ಹೋಗಿ ಫೋನಿನಲ್ಲಿ ಹಿಡಿದ ಚಿತ್ರ ತೋರಿಸಿದೆ. ಕನ್ನಡಕ ಏರಿಸಿ, ದೂರ ಹಿಡಿದು ನೋಡಿದವರೇ, “ರೇಡಿಯೋ ಪ್ಲಗ್ಗು ಕಣಪ್ಪ ಅದು” ಅಂದರು. “ಬೋರ್ಡಿಗೆ ಹೆಂಗೂ ವೈರ್ ಬಂದಿರ್ತದೆ. ಪಕ್ಕದಲ್ಲಿ ಒಂದು ಪ್ಲಗ್ ಕೂರಿಸಿದ್ದಕ್ಕೆ ಪೂರಾ ದುಡ್ಡು ಕೇಳೋದು ನ್ಯಾಯ ಅಲ್ಲ. ಹಂಗಂತ ಬಿಟ್ಟಿ ಮಾಡೋಕೂ ಆಗಲ್ಲ. ಅದಕ್ಕೇ ಅರ್ಧ ಪಾಯಿಂಟು.”

ವೈರಿಂಗಿನ ಕೂಲಿಯ ಲೆಕ್ಕದಲ್ಲಿ ಒಂದು ದೀಪವೋ ಫ್ಯಾನೋ ತನ್ನ ಸ್ವಿಚ್ಚು, ವೈರಿನ ಸಮೇತ ಒಂದು ಪಾಯಿಂಟು. ಮನೆಗೆ ಬಂದು ಎಣಿಸಿದೆ. ಜಗುಲಿಗೊಂದು ದೀಪ. ನಡುಮನೆಗೆ ಎರಡು ದೀಪ, ಒಂದು ಫ್ಯಾನು. ಎರಡು ಕೋಣೆಗೆ ದೀಪ, ಫ್ಯಾನು ಒಂದೊಂದು. ದೇವರಮನೆ, ಅಡುಗೆಮನೆ, ಬಚ್ಚಲು, ಮೆಟ್ಟಿಲು, ಹಿತ್ತಿಲಿಗೆ ತಲಾ ಒಂದು ದೀಪ. ಬಾಗಿಲಿನ ಕರೆಗಂಟೆ ಒಂದು. ಒಟ್ಟು ಹದಿನಾಲ್ಕು. ಇಡೀ ಮನೆಗೆ ಇದ್ದ ಒಂದೇ ಪ್ಲಗ್ಗು ನಮ್ಮಜ್ಜ ವಾರ್ತೆ ಕೇಳುತ್ತಿದ್ದ ರೇಡಿಯೋದ್ದು. ಮೋಟು ಗೀಟು ಅದೇ.

ಮೈಸೂರು ಸೀಮೆಗೆ ಕರೆಂಟು ಹೊಸದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪ ಬೆಳಗಿತು. ಹಳ್ಳಿಯ ಮನೆಗಳಿಗೆ ಅದು ಬರಲು ಇನ್ನೂ ಹಲವು ದಶಕ ಬೇಕಾಯಿತು. ಬಂದಾಗ, ತೇಗದ ಪಟ್ಟಿಯ ಮೇಲೆ ಬಂತು. ಗೋಡೆ ಕೊರೆದು ಮರದ ಗುಟ್ಟಿ ಹೊಡೆಯಬೇಕು, ಅದಕ್ಕೆ ಪಟ್ಟಿ ಕೂರಿಸಬೇಕು, ಪಟ್ಟಿಯ ಮೇಲೆ ಗೇಣು ತುಂಬುವ ಮುಂಚೆ ಒಂದೊಂದು ಕ್ಲಿಪ್ಪು ಬಡಿದು ವೈರನ್ನು ಬಿಗಿಯಬೇಕು. ಸ್ವಿಚ್ಚಿನಿಂದ ದೀಪದ ತನಕ ವೈರು ಹೋದ ದಾರಿಯೆಲ್ಲ ಕಣ್ಣಿಗೆ ಕಾಣುತ್ತಿತ್ತು. ಪಾಯಿಂಟಿನ ಲೆಕ್ಕಕ್ಕೆ ಹೇಳಿ ಮಾಡಿಸಿದ ಕೆಲಸ ಅದು.

ಸರ್ಕಾರದ ದರಪಟ್ಟಿಗಳೂ ಇದೇ ಲೆಕ್ಕ ಹಿಡಿದವು. ಕೇಂದ್ರ ಲೋಕೋಪಯೋಗಿ ಇಲಾಖೆಯ ಪಟ್ಟಿಯಲ್ಲಿ ದೀಪ, ಫ್ಯಾನು, ಕರೆಗಂಟೆ ಎಲ್ಲಕ್ಕೂ ಪಾಯಿಂಟಿನ ದರ; ಸ್ವಿಚ್ಚು, ಪೆಟ್ಟಿಗೆ, ಪೈಪು, ಅರ್ತ್ ವೈರು ಎಲ್ಲವೂ ಅದರೊಳಗೇ. ಮೇನ್ ಬೋರ್ಡಿನಿಂದ ಸ್ವಿಚ್ ಬೋರ್ಡಿನ ತನಕ ಬರುವ ವೈರಿಗೆ ಮಾತ್ರ ಮೀಟರ್ ಲೆಕ್ಕ. ಒಂದು ದೀಪ ಬೋರ್ಡಿನ ನೆತ್ತಿಯ ಮೇಲೇ ಇರಬಹುದು, ಇನ್ನೊಂದು ಹಿತ್ತಿಲ ಮೂಲೆಯಲ್ಲಿರಬಹುದು. ಹತ್ತಿರದ್ದರಲ್ಲಿ ಉಳಿದದ್ದು ದೂರದ್ದಕ್ಕೆ ಸರಿಹೋಗುತ್ತದೆ ಎಂಬ ನಂಬಿಕೆಯ ಮೇಲೆ ದರ ನಿಂತಿತ್ತು.

ಪಾಯಿಂಟಿಗೆ ಇನ್ನೊಂದು ಕೆಲಸವೂ ಇತ್ತು. ಒಂದು ಸರ್ಕ್ಯೂಟಿನಲ್ಲಿ ದೀಪ, ಫ್ಯಾನು, ಸಣ್ಣ ಪ್ಲಗ್ಗು ಸೇರಿ 10 ಪಾಯಿಂಟು ಅಥವಾ 800 ವ್ಯಾಟ್ ಮೀರಬಾರದು ಎಂಬುದು ರೂಢಿಗೆ ಬಂದ ನಿಯಮ. ದೀಪಕ್ಕೆ 60 ವ್ಯಾಟ್, ಫ್ಯಾನಿಗೆ 60, ಸಣ್ಣ ಪ್ಲಗ್ಗಿಗೆ 100, ದೊಡ್ಡ ಪವರ್ ಪ್ಲಗ್ಗಿಗೆ 1000 ಎಂದು ಹಿಡಿದು ಮನೆಯ ಲೋಡು ಲೆಕ್ಕ ಹಾಕುತ್ತಿದ್ದರು. ಹೀಗೆ ಕೂಲಿಯ ಲೆಕ್ಕವೇ ಸುರಕ್ಷತೆಯ ಲೆಕ್ಕವೂ ಆಗಿತ್ತು. ಪಾಯಿಂಟಿನ ಎಣಿಕೆ ಮನೆಯ ಅಂತಸ್ತನ್ನೂ ಹೇಳುತ್ತಿತ್ತು. ಸರ್ಕಾರದ 1979ರ ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಗುಡಿಸಲಿಗೆ ಸಿಕ್ಕಿದ್ದು ಒಂದೇ ಒಂದು ದೀಪ. ಹದಿನಾಲ್ಕೂವರೆ ಪಾಯಿಂಟಿನ ಮನೆಯೆಂದರೆ ಆಗ ಊರಿನಲ್ಲಿ ಅನುಕೂಲಸ್ಥರ ಮನೆ ಎಂದೇ ಅರ್ಥ.

ಜಗಳಗಳು ಇರಲಿಲ್ಲವೆಂದಲ್ಲ. ಇದ್ದ ಜಗಳವೆಲ್ಲ ಎಣಿಕೆಯ ಸುತ್ತಲೇ. ಮೆಟ್ಟಿಲಿನ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್ಚು. ದೀಪ ಒಂದೇ ಆದ್ದರಿಂದ ಒಂದು ಪಾಯಿಂಟು ಎನ್ನುತ್ತಾರೆ ಮನೆಯವರು, ಸ್ವಿಚ್ಚು ಎರಡಾದ್ದರಿಂದ ಎರಡು ಎನ್ನುತ್ತಾರೆ ಕೆಲಸದವರು. ಗೀಸರಿನ ಪವರ್ ಪ್ಲಗ್ಗಿಗೆ ಮೇನ್ ಬೋರ್ಡಿನಿಂದಲೇ ದಪ್ಪ ವೈರು ಎಳೆಯಬೇಕು. ಅದನ್ನು ಎರಡು ಪಾಯಿಂಟು ಎಂದು ಹಿಡಿಯಬೇಕೋ, ಮೀಟರಿನಲ್ಲಿ ಅಳೆಯಬೇಕೋ? ನಮ್ಮ ಹಿರಿಯ ವೈರ್‌ಮನ್ ಮನೆಯ ಯಜಮಾನರೊಂದಿಗೆ ಇಂಥದ್ದನ್ನೆಲ್ಲ ಕೆಲಸಕ್ಕೆ ಮುಂಚೆಯೇ ಮಾತಾಡಿ ಮುಗಿಸುತ್ತಿದ್ದರಂತೆ. ಕೊನೆಯ ದಿನ ಇಬ್ಬರೂ ಮನೆಯೆಲ್ಲ ಸುತ್ತಿ, ಒಂದೊಂದನ್ನೂ ಮುಟ್ಟಿ ಎಣಿಸುತ್ತಿದ್ದರು.

ಮರದ ಪಟ್ಟಿ ಹೋಗಿ ಗೋಡೆಯೊಳಗಿನ ಪೈಪು ಬಂತು. ಅಲ್ಯೂಮಿನಿಯಂ ವೈರು ಹೋಗಿ ತಾಮ್ರ ಬಂತು. ಅಳತೆಯೂ ಚದರ ಮಿಲಿಮೀಟರಿಗೆ ತಿರುಗಿತು, ಆದರೂ ಹಳಬರ ಬಾಯಲ್ಲಿ ಅದು ಈಗಲೂ ಎಳೆ, ಗೇಜಿನ ಲೆಕ್ಕದ ತ್ರೀ-ಟ್ವೆಂಟಿ, ಸೆವೆನ್-ಟ್ವೆಂಟಿ. ಪಾಯಿಂಟಿನ ಲೆಕ್ಕ ಇದೆಲ್ಲವನ್ನೂ ತಡೆದುಕೊಂಡಿತು. ಅದನ್ನು ಅಲುಗಾಡಿಸಿದ್ದು ಪ್ಲಗ್ಗು. ಮಿಕ್ಸಿ, ಫ್ರಿಜ್ಜು, ನೀರಿನ ಫಿಲ್ಟರು, ಚಿಮಣಿ ಎಂದು ಅಡುಗೆಮನೆಯೊಂದಕ್ಕೇ ನಮ್ಮಜ್ಜನ ಮನೆಯನ್ನು ಮೀರಿಸುವಷ್ಟು ಪ್ಲಗ್ಗು ಬೇಕಾಯಿತು. ಮಂಚದ ಎರಡೂ ಬದಿಗೆ ಚಾರ್ಜರಿನದು ಬೇರೆ. “ಅರ್ಧರ್ಧ ಸೇರಿ ಪೂರಾದ್ದನ್ನೇ ನುಂಗಿಬಿಡ್ತು” ಎಂದರು ಹಿರಿಯ ವೈರ್‌ಮನ್. ಎಣಿಸುವುದೇ ತಲೆನೋವಾದಾಗ ಗುತ್ತಿಗೆದಾರರ ಲೆಕ್ಕ ಸುಲಭವಾಗಿ ಕಂಡಿತು. ಬೆಂಗಳೂರಿನಲ್ಲಿ ಮನೆಯನ್ನೇ ಚದರದಲ್ಲಿ ಹೇಳುತ್ತಾರೆ. ನೂರು ಚದರ ಅಡಿಗೆ ಒಂದು ಚದರ. ಗಾರೆಯವರಿಗೆ, ಬಣ್ಣದವರಿಗೆ ಅದೇ ಲೆಕ್ಕ. ವೈರಿಂಗೂ ಚದರ ಅಡಿಯ ಲೆಕ್ಕಕ್ಕೆ ಬಿತ್ತು: ಅಡಿಗಿಷ್ಟು ಕೂಲಿ, ಮೋಲ್ಡಿಗೆ ಮುಂಚೆ ಪೈಪು ಹಾಕಿದಾಗ ಒಂದು ಕಂತು, ಗೋಡೆ ಕಟಿಂಗಿಗೆ ಒಂದು, ವೈರು ಎಳೆದಾಗ ಒಂದು, ಸ್ವಿಚ್ಚು ಕೂರಿಸಿದಾಗ ಕೊನೆಯದು.

ಈ ಲೆಕ್ಕ ನನಗೆ ಒಗ್ಗುವುದಿಲ್ಲ. ಒಂದೇ ಅಳತೆಯ ಎರಡು ಮನೆಗಳಲ್ಲಿ ಒಂದಕ್ಕೆ ನಲವತ್ತು ಪಾಯಿಂಟು, ಇನ್ನೊಂದಕ್ಕೆ ಎಪ್ಪತ್ತು ಬೇಕಾಗಬಹುದು. ಕೂಲಿ ಮಾತ್ರ ಒಂದೇ. ಪಾಯಿಂಟು ಕಮ್ಮಿಯಾದಷ್ಟೂ ಗುತ್ತಿಗೆದಾರನಿಗೆ ಲಾಭ. ನನ್ನ ಪೇಟೆಯ ಮನೆಯನ್ನು ಹೀಗೆ ಅಡಿಯ ಲೆಕ್ಕದಲ್ಲಿ ಒಪ್ಪಿಸಿ ಕೆಟ್ಟೆ. ಪೋರ್ಟಿಕೋ, ಬಾಲ್ಕನಿಯ ಅಡಿಗೂ ದುಡ್ಡು ತೆತ್ತೆ, ಅಲ್ಲಿ ಒಂದೊಂದು ದೀಪವಷ್ಟೇ ಉರಿಯುತ್ತದೆ. ಅಡುಗೆಮನೆಯಲ್ಲಿ ಪ್ಲಗ್ಗು ಸಾಲದೆ ಎಕ್ಸ್‌ಟೆನ್ಷನ್ ಬೋರ್ಡು ಸ್ಟೌವಿನ ಪಕ್ಕದಲ್ಲಿ ತೂಗುತ್ತದೆ. ಅದು ಬಿಸಿಯಾದಾಗಲೆಲ್ಲ ನನಗೆ ಆ ಹತ್ತು ಪಾಯಿಂಟಿನ ನಿಯಮ ನೆನಪಾಗುತ್ತದೆ. ಎಣಿಸದ ಮನೆಯಲ್ಲಿ ಯಾವ ವೈರಿನ ಮೇಲೆ ಎಷ್ಟು ಭಾರ ಬಿದ್ದಿದೆ ಎಂದು ಯಾರಿಗೂ ತಿಳಿಯದು.

ಪೇಟೆಯ ಮನೆಯ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಬೇರೆ. ಅಲ್ಲಿ ಅಮ್ಮನನ್ನು ಯಾರೂ ಏನೂ ಕೇಳಲಿಲ್ಲ. ನಕ್ಷೆಯಲ್ಲಿದ್ದಂತೆ ಅಡುಗೆಮನೆಯ ನಟ್ಟನಡುವೆ ದೀಪ ಬಂತು. ಅವಳು ಕಟ್ಟೆಯ ಮುಂದೆ ನಿಂತರೆ ಅವಳ ನೆರಳು ಅವಳ ಕೈಯ ಮೇಲೆಯೇ ಬೀಳುತ್ತದೆ. ಪಾಯಿಂಟಿನ ಕಾಲದಲ್ಲಿ ಒಂದೊಂದಕ್ಕೂ ದುಡ್ಡು, ಹಾಗಾಗಿ ಒಂದೊಂದನ್ನೂ ಕೇಳಲೇಬೇಕಿತ್ತು. ಎಲ್ಲಿ ಕೂತು ಓದುತ್ತೀರಿ, ಎಲ್ಲಿ ರುಬ್ಬುತ್ತೀರಿ, ರಾತ್ರಿ ಎದ್ದರೆ ಯಾವ ಕಡೆ ನಡೆಯುತ್ತೀರಿ ಎಂದು ಕೇಳದೆ ಗೋಡೆಗೆ ಗುಟ್ಟಿ ಹೊಡೆಯುವಂತಿರಲಿಲ್ಲ, ಆಗ ಕೇಳುತ್ತಿದ್ದದ್ದು ಮನೆಯ ಯಜಮಾನರನ್ನೇ ಆದರೂ.

ಹಳೆಯ ಮನೆಯ ಕೆಲಸವನ್ನು ಪಾಯಿಂಟಿನ ಲೆಕ್ಕದಲ್ಲೇ ಮಾಡಲು ಆ ಹುಡುಗನನ್ನು ಒಪ್ಪಿಸಿದೆ. ಅಡಿಯ ಲೆಕ್ಕವಾದರೂ ಸರಿ, ಮೊದಲೇ ಪಾಯಿಂಟುಗಳ ಪಟ್ಟಿ ಬರೆದು ಇಬ್ಬರೂ ಸಹಿ ಹಾಕಿಕೊಳ್ಳಿ ಎಂದು ಮನೆ ಕಟ್ಟುವ ಎಲ್ಲರಿಗೂ ಹೇಳುತ್ತೇನೆ. ಮಾರನೆಯ ಬೆಳಿಗ್ಗೆ ಆ ಹುಡುಗ ಸೀಮೆಸುಣ್ಣ ಹಿಡಿದು, “ಬನ್ನಿ ಅಮ್ಮಾ, ಎಲ್ಲೆಲ್ಲಿ ಬೇಕು ತೋರಿಸಿ” ಎಂದು ಅಮ್ಮನನ್ನು ಕರೆದ. ಅಮ್ಮ ಸೀದಾ ಹಿತ್ತಿಲಿಗೆ ನಡೆದು, ಒರಳುಕಲ್ಲಿನ ಮೇಲಿನ ಗೋಡೆಯನ್ನು ಅಂಗೈಯಿಂದ ತಟ್ಟಿದಳು. “ಇಲ್ಲಿ. ಐವತ್ತು ವರ್ಷದಿಂದ ಇಲ್ಲಿ ಕತ್ತಲೆ.” ಅವನು ಅಲ್ಲೊಂದು ಸುತ್ತು ಎಳೆದು, ಚೀಟಿಯಲ್ಲಿ ಮೊದಲ ಗೀಟು ಹಾಕಿದ.