ಸಂಬಳ ಕೇಳಲು ಸಂಕೋಚವೇಕೆ?

ಹೆಂಗಸರ ವಯಸ್ಸು, ಗಂಡಸರ ಸಂಬಳ ಕೇಳಬಾರದು ಎನ್ನುತ್ತಿದ್ದರು ನಮ್ಮ ಹಿರಿಯರು. ಹಾಗೆನ್ನುತ್ತಲೇ ಗಂಡು ನೋಡಲು ಹೋದಾಗ ಮೊದಲು ವಿಚಾರಿಸುತ್ತಿದ್ದುದು ಸಂಬಳವನ್ನೇ! ಆದರೆ ಅಮೆರಿಕದಲ್ಲಿ ಓದು ಮುಗಿಸಿದ ನಮ್ಮ ಮಕ್ಕಳು, ಊರಿನಿಂದ ಎಂ.ಎಸ್. ಮಾಡಲು ಬಂದವರು, ಕೆಲಸ ಕೊಡುವವರ ಮುಂದೆ ಮಾತ್ರ ಬಾಯಿ ಬಿಡುವುದಿಲ್ಲ. ಮಾರ್ಕೆಟ್ಟಿನಲ್ಲಿ ಬೆಲೆ ಕೇಳದೆ ಒಂದು ಮೊಳ ಹೂವನ್ನೂ ಕೊಳ್ಳದ ಮನೆಯವರು ನಾವು!

ಈ ಸಂಕೋಚ ದುಬಾರಿ. ಒಬ್ಬರು 70 ಸಾವಿರ ಡಾಲರಿಗೆ, ಇನ್ನೊಬ್ಬರು ಅದೇ ಕೆಲಸಕ್ಕೆ 80 ಸಾವಿರಕ್ಕೆ ಸೇರಿದರು ಎನ್ನಿ. ಇಬ್ಬರಿಗೂ ವರ್ಷಕ್ಕೆ ಶೇಕಡಾ 3ರಷ್ಟೇ ಏರಿಕೆ. ಹತ್ತು ವರ್ಷದಲ್ಲಿ ಮೊದಲನೆಯವರ ಕೈತಪ್ಪುವುದು ಒಟ್ಟು 1,14,000 ಡಾಲರಿಗೂ ಹೆಚ್ಚು. ಓದಿನ ಸಾಲ ತೀರಿಸುವವರಿಗೆ ಇದು ಸಣ್ಣ ಮೊತ್ತವಲ್ಲ.

ಈಗ ಕಾನೂನು ಸ್ವಲ್ಪ ನೆರವಿಗೆ ಬಂದಿದೆ. ಕೆಲಸದ ಜಾಹೀರಾತಿನಲ್ಲೇ ಸಂಬಳ ಎಷ್ಟರಿಂದ ಎಷ್ಟರವರೆಗೆ ಎಂದು ಬರೆಯಬೇಕೆಂಬ ನಿಯಮ ಕೊಲರಾಡೋದಲ್ಲಿ 2021ರ ಜನವರಿಯಿಂದ ಜಾರಿಯಲ್ಲಿದೆ. ನ್ಯೂಯಾರ್ಕ್ ನಗರದಲ್ಲಿ 2022ರ ನವೆಂಬರ್‌ನಲ್ಲಿ, ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳಲ್ಲಿ 2023ರ ಜನವರಿಯಲ್ಲಿ ಬಂತು. 2025ರಲ್ಲಿ ಇಲಿನಾಯ್, ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್ ಸೇರಿಕೊಂಡವು. ಕ್ಯಾಲಿಫೋರ್ನಿಯಾದಲ್ಲಿ ಇದು 15 ಮತ್ತು ಹೆಚ್ಚು ನೌಕರರಿರುವ ಕಂಪನಿಗಳಿಗೆ ಅನ್ವಯ. ಅಲ್ಲಿ ಹಳೆಯ ಸಂಬಳ ಎಷ್ಟಿತ್ತೆಂದು ಅಭ್ಯರ್ಥಿಯನ್ನು ಕೇಳುವಂತೆಯೂ ಇಲ್ಲ. ಆ ನಿಯಮ 2018ರಿಂದಲೇ ಇದೆ. ಆದರೆ ಇಡೀ ದೇಶಕ್ಕೆ ಅನ್ವಯಿಸುವ ಇಂಥ ಕಾನೂನಿಲ್ಲ. ಟೆಕ್ಸಾಸ್‌ನಲ್ಲಿರುವವರು ತಾವೇ ಕೇಳಿ ತಿಳಿಯಬೇಕು.

ಅಂಕಿ ಕಂಡಿತೆಂದು ಹಿಗ್ಗಬೇಡಿ. 75ರಿಂದ 130 ಸಾವಿರ ಎಂದಿದ್ದರೆ ಹೊಸಬರಿಗೆ ಸಿಗುವುದು ಸಾಮಾನ್ಯವಾಗಿ ಕೆಳಗಿನ ತುದಿಯೇ. "ನನ್ನಷ್ಟು ಓದಿದವರಿಗೆ ಎಲ್ಲಿಂದ ಶುರುಮಾಡುತ್ತೀರಿ? ಬೋನಸ್, ಷೇರು ಬೇರೆಯೇ?" ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪೇನಿಲ್ಲ.

ನಮ್ಮವರಿಗೆ ಇನ್ನೊಂದು ದಾರಿಯೂ ಇದೆ. ಎಚ್-1ಬಿ ವೀಸಾಗೆ ಮೊದಲು ಕಂಪನಿಯು ಕಾರ್ಮಿಕ ಇಲಾಖೆಗೆ ಎಲ್‌ಸಿಎ ಎಂಬ ಅರ್ಜಿ ಸಲ್ಲಿಸಬೇಕು. ಅದರಲ್ಲಿ ಹುದ್ದೆ, ಊರು, ಸಂಬಳ ಎಲ್ಲವೂ ಇರುತ್ತದೆ. ಇಲಾಖೆ ಈ ಮಾಹಿತಿಯನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ನೀವು ಸೇರಲಿರುವ ಕಂಪನಿ ಅದೇ ಊರಿನಲ್ಲಿ, ಅದೇ ಹುದ್ದೆಗೆ ಎಷ್ಟು ಬರೆದಿದೆ ಎಂದು ಸಂದರ್ಶನಕ್ಕೆ ಮೊದಲೇ ನೋಡಿಕೊಳ್ಳಬಹುದು.

ಹಾಗೆಯೇ, ಸಹೋದ್ಯೋಗಿಗಳು ತಮ್ಮತಮ್ಮಲ್ಲಿ ಸಂಬಳದ ಮಾತಾಡುವುದಕ್ಕೆ 1935ರ ಕಾರ್ಮಿಕ ಕಾನೂನಿನ ರಕ್ಷಣೆಯಿದೆ. ಮೇಲ್ವಿಚಾರಕರನ್ನು ಬಿಟ್ಟು, ಖಾಸಗಿ ಕಂಪನಿಗಳ ಬಹುತೇಕ ನೌಕರರಿಗೆ ಇದು ಅನ್ವಯಿಸುತ್ತದೆ.

ನಮ್ಮ ಸಂಘದ ಹಿರಿಯರಲ್ಲಿ ಒಂದು ವಿನಂತಿ. ಪಾಟ್‌ಲಕ್ ಊಟದಲ್ಲಿ "ಕೆಲಸ ಸಿಕ್ಕಿತೇನಪ್ಪಾ?" ಎಂದು ಕೇಳುವ ನಾವು, ಆ ಹುದ್ದೆಗೆ ನ್ಯಾಯವಾದ ಸಂಬಳ ಎಷ್ಟೆಂದೂ ಹೇಳಿಕೊಡೋಣ. ಅಳದ ಮಗುವಿಗೆ ತಾಯಿಯೂ ಹಾಲು ಕೊಡಳಂತೆ. ಇನ್ನು ಕಂಪನಿ ಕೊಟ್ಟೀತೇ?